ಬೇರು ಬರುವವರೆಗೆ ಮುಟ್ಟಬೇಡ

ಅಂಗಳದ ಹೈಡ್ರಾಂಜಿಯಾದ ಒಂದೆರಡು ಕಡ್ಡಿ ಬೆಂಗಳೂರಿಗೆ ಒಯ್ಯಲಾ ದೊಡ್ಡಮ್ಮ ಅಂತ ಕೇಳಿದ್ದೀಯಲ್ಲ, ಧಾರಾಳವಾಗಿ ಒಯ್ಯಿ ಮಗಳೇ. ಮಲೆನಾಡು ಬಿಟ್ಟರೆ ಅದು ಬದುಕುವುದಿಲ್ಲ ಅನ್ನುವವರ ಮಾತು ನಂಬಬೇಡ. ಆದರೆ ಯುಗಾದಿಗೆ ಬಂದಾಗ ಮುರಿದುಕೊಂಡು ಹೋಗುವುದು ಬೇಡ. ಆರಿದ್ರಾ ಮಳೆ ಹಿಡಿಯಲಿ, ಜೂನ್ ಕೊನೆಗೆ ಬಾ. ಅಲ್ಲಿಂದ ಸೆಪ್ಟೆಂಬರ್‌ವರೆಗೆ ನಿಮ್ಮಲ್ಲಿ ಹಗಲು 28 ಡಿಗ್ರಿ ಆಸುಪಾಸು, ರಾತ್ರಿ 20. ಈ ಕಡ್ಡಿ ಬೇರು ಬಿಡಲು ಅಂಥ ಹವೆಯೇ ಬೇಕು. ಏಪ್ರಿಲ್ ಬಿಸಿಲಿನಲ್ಲಾದರೆ ಬೇರು ಮೂಡುವ ಮೊದಲೇ ಬುಡ ಕೊಳೆತುಹೋಗುತ್ತದೆ.

ಸೆಕೆಯ ಊರುಗಳಲ್ಲಿ ಈ ಕಡ್ಡಿ ಯಾಕೆ ಸಾಯುತ್ತದೆ ಅನ್ನುವುದನ್ನು ಮೊದಲು ತಿಳಿದುಕೋ, ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಎಲೆ ಅಗಲ, ಅದರಿಂದ ನೀರು ಆವಿಯಾಗುತ್ತಲೇ ಇರುತ್ತದೆ. ಎಳೆದುಕೊಡಲು ಬೇರಿಲ್ಲ. ಎಲೆ ಜೋಲು ಬೀಳುತ್ತದೆ. ಅದನ್ನು ಕಂಡವರು ಅಯ್ಯೋ ಬಾಯಾರಿದೆ ಅಂತ ಕುಂಡಕ್ಕೆ ನೀರು ಹೊಯ್ಯುತ್ತಾರೆ. ಸಂಜೆಗೆ ಮತ್ತೆ ಹೊಯ್ಯುತ್ತಾರೆ. ಆ ನೀರು ಎಲೆಗೆ ಹೋಗುವುದಿಲ್ಲ, ಬುಡದಲ್ಲಿ ನಿಲ್ಲುತ್ತದೆ. ಬಿಸಿಗೆ ಆ ನೀರಿನಲ್ಲಿ ಗಾಳಿಯೂ ಉಳಿಯುವುದಿಲ್ಲ, ಬೂಷ್ಟು ಬೆಳೆದು ಬುಡ ಕಪ್ಪಾಗಿ ಮೆತ್ತಗಾಗುತ್ತದೆ. ಎಲೆಯ ಸುತ್ತ ತೇವದ ಗಾಳಿ ಬೇಕು, ಬುಡದಲ್ಲಿ ಉಸಿರಾಡುವಷ್ಟು ಸಡಿಲ ಬೇಕು. ನಾವು ಮಾಡುವ ಉಪಚಾರವೆಲ್ಲ ಇವೆರಡಕ್ಕಾಗಿಯೇ.

ಕಡ್ಡಿ ಆರಿಸುವಾಗ ಹೂವಿರುವ ಗೆಲ್ಲಿಗೆ ಕೈ ಹಾಕಬೇಡ, ಅದರ ಶಕ್ತಿಯೆಲ್ಲ ಹೂವಿಗೇ ಹೋಗಿರುತ್ತದೆ. ಈ ವರ್ಷ ಚಿಗುರಿ, ತುಸು ಬಲಿತ, ಇನ್ನೂ ಹಸಿರಾಗಿರುವ ಪೆನ್ಸಿಲ್ ಗಾತ್ರದ ಗೆಲ್ಲು ನೋಡು. ಬಗ್ಗಿಸಿದರೆ ಫಟ್ ಅಂತ ಮುರಿಯುವ ಹಾಗಿರಬೇಕು. ಬಳುಕಿದರೆ ತೀರ ಎಳೆಯದು, ಕಂದು ಬಣ್ಣಕ್ಕೆ ತಿರುಗಿದ್ದರೆ ಬೇರು ಬಿಡಲು ತಡ ಮಾಡುತ್ತದೆ. ಬೆಳಗ್ಗೆ ಬಿಸಿಲೇರುವ ಮೊದಲು ಕತ್ತರಿಸು, ಆಗ ಕಾಂಡದ ತುಂಬ ನೀರಿರುತ್ತದೆ. ಇಲ್ಲೇ ತುಂಡು ಮಾಡದೆ ಉದ್ದ ಗೆಲ್ಲಾಗಿಯೇ ಒದ್ದೆ ಪೇಪರಿನಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕವರ್ ಹಾಕಿಕೋ. ಬಸ್ಸಿನ ಡಿಕ್ಕಿಯಲ್ಲಿ ಇಡಬೇಡ, ಅಲ್ಲಿ ಬೇಯುತ್ತದೆ. ಮನೆ ಮುಟ್ಟಿದ ಕೂಡಲೇ ಎಲೆ ಸಮೇತ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡು. ಹೈಡ್ರಾಂಜಿಯಾ ಎಲೆಯಿಂದಲೂ ನೀರು ಹೀರುತ್ತದೆ. ಬಾಡಿದ್ದು ನೆಟ್ಟಗಾಗುವುದನ್ನು ನೀನೇ ನೋಡುತ್ತೀ.

ಆಮೇಲೆ ಚೂಪಾದ ಕತ್ತರಿಯನ್ನು ಚೆನ್ನಾಗಿ ತೊಳೆದು, ಡೆಟಾಲ್‌ನಲ್ಲೋ ಸ್ಪಿರಿಟ್‌ನಲ್ಲೋ ಒರೆಸಿ, ನಾಲ್ಕೈದು ಅಂಗುಲದ ತುಂಡು ಮಾಡು. ಎಲೆ ಎದುರು ಬದುರು ಜೋಡಿಯಾಗಿ ಬರುವ ಜಾಗವೇ ಗಿಣ್ಣು. ಬೇರು ಸುಲಭವಾಗಿ ಹೊರಡುವುದು ಅಲ್ಲಿಂದ. ಕೆಳಗಿನ ಗಿಣ್ಣಿನ ಕಾಲಂಗುಲ ಕೆಳಕ್ಕೆ ಕತ್ತರಿಸಿ, ಅಲ್ಲಿನ ಎಲೆ ಜೋಡಿ ತೆಗೆದುಬಿಡು. ಮೇಲೊಂದು ಜೋಡಿ ಸಾಕು, ಅದನ್ನೂ ಅಡ್ಡಕ್ಕೆ ಅರ್ಧ ಕತ್ತರಿಸು. ಚಂದದ ಎಲೆ ಕತ್ತರಿಸಲು ಮನಸ್ಸು ಬರುವುದಿಲ್ಲ, ನನಗೆ ಗೊತ್ತು. ಆದರೂ ಕತ್ತರಿಸು. ನರ್ಸರಿಯಲ್ಲಿ ಬೇರು ಬರಿಸುವ ಪುಡಿ ಸಿಕ್ಕಿದರೆ ಬುಡಕ್ಕೆ ಲೇಪಿಸು, ಬೇರು ಬೇಗ ಬರುತ್ತದೆ. ಸಿಗದಿದ್ದರೂ ಚಿಂತೆಯಿಲ್ಲ, ಇದು ಹಟಮಾರಿ ಗಿಡವಲ್ಲ. ಜೇನು, ದಾಲ್ಚಿನ್ನಿ ಪುಡಿ ಅಂತ ಯಾರೇನೇ ಹೇಳಲಿ, ಅವನ್ನು ಅಡುಗೆಮನೆಯಲ್ಲೇ ಬಿಡು.

ಗೊಬ್ಬರ, ಕೆಂಪುಮಣ್ಣು ಎರಡೂ ಈಗ ಬೇಡ. ಗೊಬ್ಬರದಲ್ಲಿ ಕೊಳೆಸುವ ಜೀವಿಗಳೇ ಜಾಸ್ತಿ. ತೆಂಗಿನ ನಾರಿನ ಪುಡಿಯನ್ನು ಎರಡು ಮೂರು ನೀರಿನಲ್ಲಿ ತೊಳೆದು ಉಪ್ಪು ತೆಗೆದು ಹಿಂಡು. ಅದಕ್ಕೆ ಸಮಸಮ ದಪ್ಪ ಮರಳು ಸೇರಿಸು. ಎಂ ಸ್ಯಾಂಡ್ ಆದರೆ ಜರಡಿ ಹಿಡಿದು ದೂಳು ತೊಳೆಯಲೇಬೇಕು, ಇಲ್ಲದಿದ್ದರೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ. ಮಿಶ್ರಣವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಧಾರೆ ಇಳಿಯಬಾರದು. ಪ್ಲಾಸ್ಟಿಕ್ಕಿಗಿಂತ ಮಣ್ಣಿನ ಕುಂಡ ಲೇಸು, ಮೈಯಿಂದ ನೀರು ಆರುತ್ತಾ ತಂಪಾಗಿರುತ್ತದೆ. ಬೇರೊಂದು ಕಡ್ಡಿಯಿಂದ ತೂತು ಮಾಡಿ, ತುಂಡನ್ನು ಗಿಣ್ಣು ಒಳಗೆ ಹೋಗುವಂತೆ ಊರಿ, ಸುತ್ತ ಮೆಲ್ಲಗೆ ಒತ್ತು. ಒಮ್ಮೆ ಪೂರ್ತಿ ನೀರು ಕೊಟ್ಟು ಬಸಿಯಲು ಬಿಡು.

ಇನ್ನು ಮುಚ್ಚಿಗೆ. ಅಗಲ ಬಾಯಿಯ ಪಾರದರ್ಶಕ ಕವರನ್ನು ಎರಡು ಕಡ್ಡಿ ಊರಿ ಅದರ ಮೇಲೆ ಹೊದಿಸು, ಎಲೆಗೆ ತಾಗದಿರಲಿ. ದೊಡ್ಡ ನೀರಿನ ಬಾಟಲಿಯ ತಳ ಕತ್ತರಿಸಿ ಕವುಚಿದರೂ ಆಯಿತು, ಬೇಕಾದಾಗ ಮುಚ್ಚಳ ತೆಗೆದು ಗಾಳಿ ಬಿಡಬಹುದು. ಮುಚ್ಚಿದ ಮೇಲೆ ಅದರ ಮೇಲೆ ಎಳೆಬಿಸಿಲೂ ಬೀಳಕೂಡದು. ಇದೊಂದನ್ನು ಮಾತ್ರ ಮರೆಯಬೇಡ. ಪ್ಲಾಸ್ಟಿಕ್ಕಿನ ಒಳಗೆ ಬಿಸಿಲು ಹೊಕ್ಕರೆ ಕಡ್ಡಿ ಇಡ್ಲಿ ಪಾತ್ರೆಯಲ್ಲಿಟ್ಟ ಹಾಗೆ ಬೆಂದೇಹೋಗುತ್ತದೆ. ಬಿಸಿಲು ಬೀಳದ ಬಾಲ್ಕನಿಯ ನೆಲ, ಒಳ್ಳೆ ಬೆಳಕಿರುವ ನೆರಳು, ಅಷ್ಟು ಸಾಕು. ಟೆರೇಸ್ ಬೇಡವೇ ಬೇಡ. ಕವರಿನ ಒಳಮೈಯಲ್ಲಿ ಹನಿ ಕಾಣುತ್ತಿದ್ದರೆ ನೀರಿನ ಮಾತೇ ಎತ್ತಬೇಡ. ದಿನಕ್ಕೊಮ್ಮೆ ಐದು ನಿಮಿಷ ತೆರೆದು, ಉದುರಿದ ಎಲೆಯಿದ್ದರೆ ತೆಗೆದುಹಾಕು.

ಮೂರು ನಾಲ್ಕು ವಾರ ತಾಳ್ಮೆಯಿರಲಿ. ಮೊದಲು ಬುಡದಲ್ಲಿ ಬಿಳಿ ಗಂಟಿನಂತೆ ಉಬ್ಬುತ್ತದೆ, ಆ ಉಬ್ಬಿನಿಂದಲೂ ಗಿಣ್ಣಿನಿಂದಲೂ ದಾರದಂಥ ಬೇರು ಹೊರಡುತ್ತದೆ. ಇದನ್ನು ನೋಡುವ ಆಸೆಗೆ ಕಿತ್ತು ನೋಡಿದೆಯೋ, ಆ ಎಳೆ ಬೇರು ಮುರಿದು ಕೆಲಸ ಮೊದಲಿನಿಂದ. ತುದಿಯಲ್ಲಿ ಹೊಸ ಎಲೆ ಬಂದರೆ ಬೇರು ಬಂತು ಅಂತಲೂ ಅಲ್ಲ, ಕಾಂಡದೊಳಗಿನ ದಾಸ್ತಾನಿನಿಂದಲೇ ಎಲೆ ಹೊರಡಬಹುದು. ನಾಲ್ಕನೇ ವಾರ ಕಡ್ಡಿಯನ್ನು ಮೆಲ್ಲಗೆ ಎಳೆ, ಬಿಗಿ ಹಿಡಿದರೆ ಬೇರಿದೆ. ಆಮೇಲೂ ಮುಚ್ಚಿಗೆಯನ್ನು ಒಂದೇ ಸಲ ತೆಗೆಯದೆ ಒಂದು ವಾರ ದಿನದಿನಕ್ಕೆ ಹೆಚ್ಚು ಹೊತ್ತು ತೆರೆದಿಟ್ಟು ಹೊರಗಾಳಿ ರೂಢಿಸು. ದೊಡ್ಡ ಕುಂಡಕ್ಕೆ ಬದಲಿಸುವಾಗ ಎಲೆಗೊಬ್ಬರ ಹಾಕಿದ ಮಣ್ಣು ಇರಲಿ. ಬೆಳಗಿನ ಎರಡು ಮೂರು ಗಂಟೆ ಬಿಸಿಲು ಸಾಕು, ಮಧ್ಯಾಹ್ನದ್ದು ಎಂದೂ ಬೇಡ.

ಹೂವು ಬಂದಾಗ ಇಲ್ಲಿನ ನೀಲಿ ಕಾಣದಿದ್ದರೆ ಬೇಜಾರು ಮಾಡಿಕೊಳ್ಳಬೇಡ. ನಮ್ಮದು ಹುಳಿ ಮಣ್ಣು, ಅದರಲ್ಲಿನ ಅಲ್ಯೂಮಿನಿಯಂ ಗಿಡಕ್ಕೆ ಸಿಗುವುದರಿಂದ ನೀಲಿ. ನಿಮ್ಮ ಬೋರ್‌ವೆಲ್ಲಿನ ಗಡಸು ನೀರಿಗೆ ಅದೇ ಗಿಡ ಗುಲಾಬಿಗೆ ತಿರುಗುತ್ತದೆ. ಮಳೆನೀರು ಹಿಡಿದಿಟ್ಟು ಹಾಕಿದರೆ ಒಳ್ಳೆಯದು. ನೀಲಿ ಬರಿಸಲು ಪಟಿಕ ಹಾಕುವ ಪ್ರಯೋಗವನ್ನೆಲ್ಲ ಗಿಡ ದೊಡ್ಡದಾದ ಮೇಲೆ ನೋಡೋಣ, ಎಳೆ ಬೇರಿಗೆ ಅದು ಸುಡುತ್ತದೆ. ಹೂವಿನ ಮೊಗ್ಗು ಕಟ್ಟಲು ಕೆಲವು ವಾರ ತಂಪು ರಾತ್ರಿ ಬೇಕು. ಬೆಂಗಳೂರಿನ ಚಳಿಗಾಲದಲ್ಲಿ ಅದು ಸಿಗುತ್ತದೆ, ಮಂಗಳೂರಿನ ನಿನ್ನ ಅತ್ತಿಗೆ ಕೇಳಿದರೆ ಮಾತ್ರ ಎಲೆ ಸೊಂಪಾಗಿ ಬರುತ್ತದೆ, ಹೂವು ಕಷ್ಟ ಅಂತ ಮೊದಲೇ ಹೇಳಿಬಿಡು. ಹೂವು ಹೆಚ್ಚಾಗಿ ಹಳೆ ಗೆಲ್ಲಿನ ಮೇಲೆಯೇ ಬರುವುದರಿಂದ ಸವರುವುದಿದ್ದರೆ ಹೂ ಮುಗಿದ ಕೂಡಲೇ ಸವರು, ಚಳಿಗಾಲ ಕಳೆದ ಮೇಲೆ ಕತ್ತರಿ ಮುಟ್ಟಬೇಡ. ನಿಮ್ಮನೆ ನಾಯಿಮರಿಗೆ ಕಂಡದ್ದನ್ನೆಲ್ಲ ಅಗಿಯುವ ಅಭ್ಯಾಸವಲ್ಲವೇ? ಇದರ ಎಲೆ, ಮೊಗ್ಗು ವಿಷ. ಕುಂಡವನ್ನು ಅದಕ್ಕೆ ಎಟುಕದ ಜಾಗದಲ್ಲಿಡು.

ಐದಾರು ಕಡ್ಡಿ ನೆಡು, ಎರಡು ಹಿಡಿದರೂ ಲಾಭವೇ. ನಾನೂ ಇಲ್ಲಿ ಒಂದು ಕೆಳಗೆಲ್ಲನ್ನು ಬಾಗಿಸಿ, ಗಿಣ್ಣಿನ ಅಡಿಯ ಸಿಪ್ಪೆ ತುಸು ಕೆರೆದು, ಮಣ್ಣು ಮುಚ್ಚಿ ಮೇಲೊಂದು ಕಲ್ಲು ಹೇರಿಡುತ್ತೇನೆ. ತಾಯಿಗಿಡದಿಂದ ನೀರು ಬರುತ್ತಲೇ ಇರುವುದರಿಂದ ಅದು ಬಾಡುವ ಭಯವಿಲ್ಲ. ದೀಪಾವಳಿಗೆ ಬಂದಾಗ ಬೇರು ಸಮೇತ ಕತ್ತರಿಸಿ ಕೊಡುತ್ತೇನೆ, ಬರುವಾಗ ಒಂದು ಚೀಲ ತಾ.