ಮದ್ದಿಗೂ ಒಂದು ಪರೀಕ್ಷೆ

ಜ್ವರ ಬಂದವರಿಗೆ ನೆಲಬೇವಿನ ಕಷಾಯ ಕುಡಿಸುವುದು ನಮ್ಮ ನಾಡಿನ ಹಳೆಯ ರೂಢಿ. ಗಿಡಮೂಲಿಕೆಯಿಂದ ಕೇಡಿಲ್ಲವೆಂಬ ನಂಬಿಕೆ ಜನಮನದಲ್ಲಿ ಬೇರೂರಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ?

ಈಶ್ವರಿಬಳ್ಳಿಯೂ ಹಳ್ಳಿಗರಿಗೆ ಪರಿಚಿತವಾದ ಮೂಲಿಕೆಯೇ. ಅದರ ಕುಲದ ಗಿಡಗಳಲ್ಲಿ ಅರಿಸ್ಟೊಲೋಕಿಕ್ ಆಮ್ಲವೆಂಬ ವಸ್ತುವಿದೆ. 1990ರ ದಶಕದ ಆದಿಯಲ್ಲಿ ಬೆಲ್ಜಿಯಂ ದೇಶದ ಅನೇಕ ಸ್ತ್ರೀಯರು ಮೈ ಕರಗಿಸಲೆಂದು ಈ ಕುಲದ ಬೇರೊಂದು ಗಿಡ ಬೆರೆತ ಗುಳಿಗೆಗಳನ್ನು ಸೇವಿಸಿದರು. ಅವರ ಮೂತ್ರಪಿಂಡಗಳು ಕೆಟ್ಟುಹೋದವು. ವರ್ಷಗಳ ತರುವಾಯ ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್ ತಗಲಿತು. ಆ ಆಮ್ಲವು ಜೀವಕೋಶದ ವಂಶವಾಹಿಗಳಿಗೆ ಅಂಟಿಕೊಂಡು ಅವುಗಳನ್ನು ಕೆಡಿಸುತ್ತದೆ. ವಂಶವಾಹಿಗೆ ತಗಲಿದ ಪೆಟ್ಟು ನೋಯುವುದಿಲ್ಲ. ಅದರ ಫಲ ಕಾಣುವುದು ಬಹುಕಾಲದ ಮೇಲೆ. ಆದುದರಿಂದ ತಲೆಮಾರುಗಳ ಅನುಭವವೊಂದರಿಂದಲೇ ಅದನ್ನು ಅರಿಯಲಾಗದು.

ಇದನ್ನು ಅರಿಯಲು ಅಮೆರಿಕದ ವಿಜ್ಞಾನಿ ಬ್ರೂಸ್ ಏಮ್ಸ್ 1970ರ ದಶಕದಲ್ಲಿ ಸರಳವಾದ ಪರೀಕ್ಷೆಯೊಂದನ್ನು ರೂಪಿಸಿದರು. ಹಿಸ್ಟಿಡಿನ್ ಎಂಬ ಪೋಷಕಾಂಶವನ್ನು ತಾವೇ ತಯಾರಿಸಿಕೊಳ್ಳಲಾರದ ಬ್ಯಾಕ್ಟೀರಿಯಾಗಳು ಅದು ದೊರೆಯದ ಕಡೆ ಬೆಳೆಯಲಾರವು. ಪರೀಕ್ಷಿಸುವ ವಸ್ತುವು ಅವುಗಳ ವಂಶವಾಹಿಯನ್ನು ಮಾರ್ಪಡಿಸಿದರೆ ಕೆಲವು ಆ ಶಕ್ತಿಯನ್ನು ಮರಳಿ ಪಡೆದು ಗುಂಪುಗುಂಪಾಗಿ ಬೆಳೆಯುತ್ತವೆ. ಸಹಜವಾಗಿ ಹುಟ್ಟುವುದಕ್ಕಿಂತ ಬಹಳ ಹೆಚ್ಚು ಗುಂಪುಗಳು ಕಂಡರೆ ಆ ವಸ್ತು ಸಂದೇಹಾಸ್ಪದ. ಕೆಲವು ವಸ್ತುಗಳು ದೇಹವನ್ನು ಹೊಕ್ಕು ಮಾರ್ಪಟ್ಟ ಮೇಲೆ ಮಾತ್ರ ಅಪಾಯಕರವಾಗುತ್ತವೆ. ಆದ್ದರಿಂದ ಇಲಿಯ ಯಕೃತ್ತಿನ ಸಾರವನ್ನು ಸೇರಿಸಿಯೂ ಪರೀಕ್ಷಿಸುತ್ತಾರೆ.

ಬೆಂಗಳೂರಿನ ಹೊರವಲಯದ ಎಲೆಕ್ಟ್ರಾನಿಕ್ ಸಿಟಿಯು ಗಣಕಯಂತ್ರಗಳ ಉದ್ಯಮಕ್ಕೆ ಹೆಸರಾದುದು. ಅಲ್ಲಿನ ವೀರಸಂದ್ರ ಕೈಗಾರಿಕಾ ಪ್ರದೇಶದಲ್ಲಿ ಗಿಡಮೂಲಿಕೆಗಳ ಸಾರವನ್ನು ತಯಾರಿಸುವ ನ್ಯಾಚುರಲ್ ರೆಮಿಡೀಸ್ ಎಂಬ ಸಂಸ್ಥೆಯೂ ಇದೆ. ಅದರ ವಿಜ್ಞಾನಿಗಳು ನೆಲಬೇವಿನ ಸಾರವೊಂದನ್ನು ಇಂತಹ ಪರೀಕ್ಷೆಗಳಿಗೆ ಒಡ್ಡಿ, 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಏಮ್ಸ್ ಪರೀಕ್ಷೆಯ ಜೊತೆಗೆ, ಜೀವಕೋಶದ ವರ್ಣತಂತುಗಳು ಮುರಿಯುತ್ತವೆಯೇ, ಮುರಿದ ಚೂರುಗಳು ಕೋಶದಲ್ಲಿ ಬೇರೆಯಾಗಿ ಉಳಿಯುತ್ತವೆಯೇ ಎಂಬುದನ್ನೂ ಅವರು ನೋಡಿದರು. ಒಂದು ಪರೀಕ್ಷೆಗೆ ಸಿಕ್ಕದ ದೋಷ ಇನ್ನೊಂದಕ್ಕೆ ಸಿಕ್ಕಬಹುದಲ್ಲವೇ? ಆ ಸಾರದಿಂದ ವಂಶವಾಹಿಗಳಿಗೆ ಹಾನಿಯಾದುದು ಯಾವ ಪರೀಕ್ಷೆಯಲ್ಲಿಯೂ ಕಂಡುಬರಲಿಲ್ಲ.

ಆದರೆ ಈ ಫಲಿತಾಂಶವು ಪರೀಕ್ಷೆಗೊಳಗಾದ ಆ ಸಾರಕ್ಕೆ ಮಾತ್ರ ಸಲ್ಲುತ್ತದೆ. ಅದೇ ಗಿಡದಿಂದ ಬೇರೆ ವಿಧಾನದಲ್ಲಿ ತೆಗೆದ ಸಾರದಲ್ಲಿ ಬೇರೆ ವಸ್ತುಗಳಿರಬಹುದು. ಅದನ್ನು ಮತ್ತೆ ಪರೀಕ್ಷಿಸಬೇಕು. ನೆಲಬೇವು, ಈಶ್ವರಿಬಳ್ಳಿ ಎರಡೂ ಒಂದೇ ಮಣ್ಣಿನಲ್ಲಿ ಬೆಳೆಯುತ್ತವೆ. ಯಾವುದು ನಿರಪಾಯಕರವೆಂಬುದನ್ನು ಎಲೆಯ ಹಸುರು ಹೇಳುವುದಿಲ್ಲ. ಹಿರಿಯರು ಗುರುತಿಸಿಕೊಟ್ಟ ಮದ್ದನ್ನು ಗೌರವಿಸುವುದೆಂದರೆ ಅದನ್ನು ಒರೆಗೆ ಹಚ್ಚಿ ನೋಡುವುದೇ ಆಗಿದೆ.