ಹಳೇ ಬಟ್ಟೆಗೂ ಬೆಲೆ ಇದೆ, ಹಳೇ ಸೈಕಲ್ಲಿಗೂ ಕಳೆ ಇದೆ

(ಸಂಘದ ವಾರದ ಸಭೆಯಲ್ಲಿ ಓದಿ ಚರ್ಚಿಸಲು)



"ಹಳೇ ಬಟ್ಟೆ ಕೊಡ್ರೀ, ಪಾತ್ರೆ ತಗೊಳ್ರೀ" ಎಂದು ಕೂಗುತ್ತಾ ಬರುವವರನ್ನು ನಾವೆಲ್ಲ ನೋಡಿದ್ದೇವೆ. ಗಡಿಬಿಡಿಯಲ್ಲಿ ಪೆಟ್ಟಿಗೆ ತೆಗೆದು, ಕೈಗೆ ಸಿಕ್ಕಿದ್ದನ್ನೆಲ್ಲ ಗಂಟು ಕಟ್ಟಿ ಕೊಡುತ್ತೇವೆ. ಒಂದು ಸ್ಟೀಲ್ ಬೇಸನ್ ಸಿಕ್ಕಿತೆಂದು ಖುಷಿ ಪಡುತ್ತೇವೆ. ಆದರೆ ಆ ಗಂಟಿನಲ್ಲಿ ಅಜ್ಜಿ ತಿಂಗಳುಗಟ್ಟಲೆ ಕೂತು ಕನ್ನಡಿ, ಕವಡೆ ಕೂರಿಸಿ ಹೊಲಿದ ಪೇಟಿಯಾ ಹೋಗಿದ್ದರೆ? ಆಮೇಲೆ ಮಗಳ ಮದುವೆಗೆ ಬೇಕೆಂದರೂ ಅಂಥದ್ದು ಸಿಗುವುದಿಲ್ಲ. ಬೇಸನ್ನು ಮಾತ್ರ ಮನೆಯಲ್ಲಿ ಉಳಿದಿರುತ್ತದೆ.

ಉಳಿತಾಯ ಎಂದರೆ ವಾರಕ್ಕೊಮ್ಮೆ ಪಾಸ್ ಪುಸ್ತಕಕ್ಕೆ ಹಣ ಕಟ್ಟುವುದಷ್ಟೇ ಅಲ್ಲ. ಮನೆಯಲ್ಲಿರುವ ವಸ್ತುವಿನ ಬೆಲೆ ತಿಳಿಯುವುದೂ ಉಳಿತಾಯವೇ. ಇಂದಿನ ಪಾಠ ಇದೇ.

ನಮ್ಮ ಸೀಮೆಯ ಸಿರಿ

ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಮೊದಲು ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು, ಈಗ ನ್ಯಾಮತಿ ತಾಲ್ಲೂಕಿನಲ್ಲಿದೆ. ಪ್ರತಿ ವರ್ಷ ಫೆಬ್ರವರಿಯಲ್ಲಿ ಜಯಂತಿಗೆ ದೂರದ ರಾಜ್ಯಗಳಿಂದಲೂ ಬಂಜಾರ ಜನ ಬರುತ್ತಾರೆ. ಹಿರಿಯ ತಾಯಂದಿರು ಪೇಟಿಯಾ, ಕಾಂಚಳಿ ತೊಟ್ಟು ಬರುವುದನ್ನು ಅಲ್ಲಿ ನೋಡಬಹುದು. ಆ ಉಡುಪಿನಲ್ಲಿ ಚೂರು ಬಟ್ಟೆಯೂ ದಂಡವಾಗುವುದಿಲ್ಲ. ತುಂಡಿಗೆ ತುಂಡು ಜೋಡಿಸಿ, ಮೇಲೆ ಬಣ್ಣದ ದಾರ ಓಡಿಸಿ, ಹೊಸದನ್ನೇ ಮಾಡುತ್ತಾರೆ. ನಮ್ಮ ಊರುಗಳಲ್ಲಿ ಹಳೇ ಸೀರೆ ಪದರ ಹಾಕಿ ಕೌದಿ ಹೊಲಿಯುತ್ತೇವಲ್ಲ, ಅದೂ ಇದೇ ಬುದ್ಧಿ.

ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ, ಅಂದರೆ ಜಿಐ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ನಾವು ಹಳೇದೆಂದು ಮೂಲೆಗೆ ಹಾಕಿದ ಕೆಲಸವನ್ನು ಹೊರಗಿನವರು ಕಣ್ಣರಳಿಸಿ ನೋಡುತ್ತಿದ್ದಾರೆ. ಪಟ್ಟಣದ ಹುಡುಗಿಯರು ಇಂಥ ಹಳೇ ಕಾಲದ ಉಡುಪನ್ನು ಹುಡುಕಿ ಕೊಳ್ಳುತ್ತಾರೆ. ಗೋವಾದ ಅಂಜುನಾ ಸಂತೆಯಲ್ಲಿ ಲಂಬಾಣಿ ಕಸೂತಿಯ ಚೀಲಗಳನ್ನು ಪ್ರವಾಸಿಗರು ಕೊಳ್ಳುತ್ತಾರೆ.

ಗಂಟು ಕಟ್ಟುವ ಮೊದಲು ಮೂರು ಗುಂಪು ಮಾಡಿ

1. ಕೊಡಬಾರದ್ದು: ಕೈಹೊಲಿಗೆಯ ಉಡುಪು, ಅಜ್ಜಿಯ ಇಳಕಲ್ ಸೀರೆ, ಗಟ್ಟಿ ಕೌದಿ. ಮನೆಯವರನ್ನೆಲ್ಲ ಕೇಳದೆ ಇವನ್ನು ಯಾರಿಗೂ ಕೊಡಬೇಡಿ.

2. ಕೆಲಸಕ್ಕೆ ಬರುವುದು: ಒಂದು ಕಡೆ ಹರಿದರೂ ಉಳಿದ ಕಡೆ ಗಟ್ಟಿ ಇರುವ ಬಟ್ಟೆ. ಸೀರೆಯ ಅಂಚು, ಸೆರಗು, ಗುಂಡಿ, ಜಿಪ್ಪು ಬಿಚ್ಚಿಟ್ಟುಕೊಳ್ಳಿ.

3. ಕೊಡಬಹುದಾದದ್ದು: ಜೀರ್ಣವಾದ ಬಟ್ಟೆ. ಒರೆಸುವುದಕ್ಕೆ ಇಟ್ಟುಕೊಂಡು ಮಿಕ್ಕಿದ್ದನ್ನು ಕೊಡಿ.

ಕಸೂತಿಯ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ತೇವ ಹಿಡಿದು ಬೂಸ್ಟು ಬರುತ್ತದೆ. ಹಳೇ ಹತ್ತಿ ಸೀರೆಯಲ್ಲಿ ಸುತ್ತಿಡಿ. ತೊಳೆಯುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಮೂಲೆಯಲ್ಲಿ ಒತ್ತಿ ನೋಡಿ. ಬಣ್ಣ ಹತ್ತಿದರೆ ನೆನೆಸಲೇಬೇಡಿ, ನೆರಳಿನಲ್ಲಿ ಗಾಳಿಗೆ ಹರವಿ ಧೂಳು ಕೊಡವಿದರೆ ಸಾಕು.

ಸೆಕೆಂಡ್ ಹ್ಯಾಂಡ್ ಬಟ್ಟೆ ಕೊಳ್ಳುವಾಗ

ಸಂತೆಯಲ್ಲಿ ರಾಶಿ ಹಾಕಿ ಮಾರುವ ಹಳೇ ಬಟ್ಟೆ ಕೊಳ್ಳುವುದು ನಾಚಿಕೆಯ ವಿಷಯವಲ್ಲ. ಸಾಲ ಮಾಡಿ ಹೊಸದು ಕೊಳ್ಳುವುದಕ್ಕಿಂತ ಅದೇ ಮೇಲು. ಆದರೆ ಅಗ್ಗ ಎಂದು ಬಾಚಿಕೊಳ್ಳಬೇಡಿ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ತೆಳ್ಳಗಾಗಿದ್ದರೆ ಬೇಡ. ಕಂಕುಳ, ಕೊರಳಪಟ್ಟಿ, ಹೊಲಿಗೆಯ ಸಾಲು ಎಳೆದು ನೋಡಿ. ಬೂಸ್ಟಿನ ವಾಸನೆ ಇದ್ದರೆ ಬಿಟ್ಟುಬಿಡಿ. ದೊಡ್ಡ ಅಳತೆಯದನ್ನು ಚಿಕ್ಕದು ಮಾಡಬಹುದು, ಚಿಕ್ಕದನ್ನು ದೊಡ್ಡದು ಮಾಡುವುದು ಕಷ್ಟ. ಮನೆಗೆ ತಂದ ಮೇಲೆ ಬೇರೆಯಾಗಿ ತೊಳೆದು, ಚೆನ್ನಾಗಿ ಬಿಸಿಲಿಗೆ ಒಣಗಿಸಿಯೇ ಮಕ್ಕಳಿಗೆ ಹಾಕಿ.

ಸೈಕಲ್ಲಿಗೆ ಹೊಸ ಕಳೆ

ಸರ್ಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರು ಮಾಡಿತು. ತಾಂಡಾ, ಹಳ್ಳಿಗಳಿಂದ ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲಿಗೆ ಹೋಗಲು ಅದು ನೆರವಾಯಿತು. ಅಂಥ ಸೈಕಲ್ಲುಗಳು ಇಂದು ಅನೇಕ ಮನೆಗಳ ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿವೆ. ತಂಗಿಗೆ ಕೊಟ್ಟರೆ "ಹಳೇ ಡಕೋಟ ನನಗೆ ಬೇಡ" ಎನ್ನುತ್ತಾಳೆ. ಇದಕ್ಕೆ ಮದ್ದು ನಮ್ಮ ಕೈಯಲ್ಲೇ ಇದೆ.

ಬಂಜಾರರು ಹಿಂದೆ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರಿಗೆ ಸಾಗಿಸುತ್ತಿದ್ದವರು. ಮುಂದೆ ನಡೆಯುವ ಎತ್ತಿಗೆ ಕವಡೆ, ಕಸೂತಿಯ ಅಲಂಕಾರ ಮಾಡುತ್ತಿದ್ದರು. ಆಯುಧಪೂಜೆಯಲ್ಲಿ ಸೈಕಲ್ ತೊಳೆದು ಹೂವು ಮುಡಿಸುವವರು ನಾವು. ಹೊರೆ ಹೊರುವುದನ್ನು ಪ್ರೀತಿಯಿಂದ ಸಿಂಗರಿಸುವುದು ನಮಗೆ ಹೊಸದಲ್ಲ.

ಮಾಡುವ ಕ್ರಮ: ಮೊದಲು ರಿಪೇರಿ, ಆಮೇಲೆ ಅಲಂಕಾರ. ಬ್ರೇಕ್, ಟೈರ್, ಬೆಲ್ ಸರಿಮಾಡಿಸಿ. ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ಪ್ರೈಮರ್ ಹಚ್ಚಿ, ಒಣಗಿದ ಮೇಲೆ ಬಣ್ಣ ಹೊಡೆಯಿರಿ. ರಿಮ್ಮಿಗೆ ಬ್ರೇಕ್ ಕಟ್ಟೆ ತಾಗುವ ಕಡೆ ಬಣ್ಣ ಬೇಡ, ಬ್ರೇಕ್ ಹಿಡಿಯುವುದಿಲ್ಲ. ಎರಡನೇ ಗುಂಪಿನ ಬಟ್ಟೆಯಿಂದ ಸೀಟಿನ ಕವರ್, ಹ್ಯಾಂಡಲ್ಲಿಗೆ ಚಿಕ್ಕ ಚೀಲ, ಕ್ಯಾರಿಯರಿನ ಮೇಲೆ ಕೌದಿಯ ಮೆತ್ತೆ ಹೊಲಿಯಿರಿ. ಕನ್ನಡಿಯನ್ನು ಚೀಲಕ್ಕೆ ಮಾತ್ರ ಹಾಕಿ, ಕೂರುವ ಜಾಗಕ್ಕೆ ಬೇಡ.

ಎಚ್ಚರಿಕೆ: ಚೈನು, ಚಕ್ರದ ಕಡ್ಡಿ, ಬ್ರೇಕಿನ ಹತ್ತಿರ ಯಾವ ಗೊಂಡೆಯೂ ನೇತಾಡಬಾರದು. ಹಿಂದಿನ ಕೆಂಪು ರಿಫ್ಲೆಕ್ಟರನ್ನು ಮುಚ್ಚಬಾರದು. ವೇಲು ಚಕ್ರಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಅಪಾಯ. ಮಕ್ಕಳಿಗೆ ವೇಲನ್ನು ಸೊಂಟಕ್ಕೆ ಬಿಗಿಯಾಗಿ ಕಟ್ಟಿಕೊಂಡೇ ಹತ್ತಲು ಹೇಳಿ.

ಮಾರುವುದಾದರೆ ಕೂಲಿ ಮರೆಯಬೇಡಿ

ಉದಾಹರಣೆಗೆ ಒಂದು ಸೈಕಲ್ ಚೀಲದ ಲೆಕ್ಕ ನೋಡಿ. ಬಟ್ಟೆ ಮನೆಯದೇ. ದಾರ 15 ರೂಪಾಯಿ, ಕನ್ನಡಿ ಮತ್ತು ಕವಡೆ 20, ಜಿಪ್ಪು 10. ಒಟ್ಟು ಸಾಮಾನಿಗೆ 45 ರೂಪಾಯಿ. ಹೊಲಿಯಲು 4 ಗಂಟೆ ಬೇಕಾದರೆ, ಗಂಟೆಗೆ 50ರಂತೆ ಕೂಲಿ 200. ಚೀಲದ ನಿಜವಾದ ಖರ್ಚು 245 ರೂಪಾಯಿ. "ಬಟ್ಟೆ ಪುಕ್ಕಟೆ ತಾನೇ" ಎಂದು 100ಕ್ಕೆ ಕೊಟ್ಟರೆ, ನಮ್ಮ ಕೈಗೆ ಉಳಿಯುವುದು 55. ಗಂಟೆಗೆ 14 ರೂಪಾಯಿಯೂ ಬೀಳಲಿಲ್ಲ! ಕೂಲಿಗೆ ಹೋದರೆ ಇಷ್ಟಕ್ಕೆ ಒಪ್ಪುತ್ತೇವಾ?

ಇನ್ನೊಂದು ಮಾತು. ನಮ್ಮ ಕೆಲಸಕ್ಕೆ "ಸಂಡೂರು ಕಸೂತಿ" ಎಂಬ ಹೆಸರು ಹಚ್ಚಿ ಮಾರಬಾರದು. ಜಿಐ ಹೆಸರು ಅಲ್ಲಿನವರ ಹಕ್ಕು. ನಮ್ಮ ಊರಿನ, ನಮ್ಮ ಸಂಘದ ಹೆಸರನ್ನೇ ಹೇಳೋಣ.

ಚರ್ಚೆಗೆ ಪ್ರಶ್ನೆಗಳು

1. ಕಳೆದ ವರ್ಷ ನಾವು ಪಾತ್ರೆಗೆ ಕೊಟ್ಟ ಬಟ್ಟೆಗಳಲ್ಲಿ ಕೊಡಬಾರದ್ದು ಯಾವುದಿತ್ತು?
2. ನಮ್ಮ ಸಂಘದಲ್ಲಿ ಹಳೇ ಹೊಲಿಗೆ ಬಲ್ಲ ಹಿರಿಯರು ಯಾರಿದ್ದಾರೆ? ಅವರಿಂದ ಕಲಿಯಲು ವಾರದಲ್ಲಿ ಯಾವ ಹೊತ್ತು ಅನುಕೂಲ?
3. ನಮ್ಮ ಬೀದಿಯಲ್ಲಿ ಸುಮ್ಮನೆ ನಿಂತಿರುವ ಸೈಕಲ್ ಎಷ್ಟು? ಅವು ಯಾವ ಮಗುವಿಗೆ ಬೇಕು?

ಮುಂದಿನ ಸಭೆಗೆ

ಪ್ರತಿಯೊಬ್ಬರೂ ಮನೆಯಿಂದ ಒಂದು ಹಳೇ ಬಟ್ಟೆ ತನ್ನಿ. ಅದನ್ನು ಯಾರು ಹೊಲಿದರು, ಯಾವಾಗ ಉಟ್ಟರು ಎಂದು ಹಿರಿಯರನ್ನು ಕೇಳಿಕೊಂಡು ಬನ್ನಿ. ಬೇಸನ್ ಸಂತೆಯಲ್ಲಿ ಎಂದು ಬೇಕಾದರೂ ಸಿಗುತ್ತದೆ. ಅಜ್ಜಿಯ ಕೈಹೊಲಿಗೆ ಒಂದೇ ಸಲ.