ಹೊರದೇಶದಲ್ಲಿರುವ ಮಕ್ಕಳಿಗೆ ಹಣ ಕಳುಹಿಸುವ ಕ್ರಮ



ಹಸು ಕಟ್ಟಿ, ಡೇರಿಗೆ ಹಾಲು ಹಾಕಿ ಮಕ್ಕಳನ್ನು ಓದಿಸಿದ ಅನೇಕ ಕುಟುಂಬಗಳು ನಮ್ಮ ಸಂಘಗಳಲ್ಲಿವೆ. ಆ ಮಕ್ಕಳಲ್ಲಿ ಕೆಲವರು ಈಗ ಜರ್ಮನಿ, ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾ ದೇಶಗಳಿಗೆ ಉನ್ನತ ವ್ಯಾಸಂಗಕ್ಕೆ ಹೋಗುತ್ತಿದ್ದಾರೆ. ಹಿಂದೆ ಹೊರದೇಶದಿಂದ ಊರಿಗೆ ಹಣ ಬರುವುದನ್ನಷ್ಟೇ ಕಂಡಿದ್ದೆವು. ಈಗ ಊರಿನಿಂದ ಹೊರದೇಶಕ್ಕೆ ಹಣ ಹೋಗಬೇಕಾಗಿದೆ. ರಾಸುಗಳ ಆರೋಗ್ಯ ಶಿಬಿರಗಳಲ್ಲಿ "ಡಾಕ್ಟ್ರೇ, ಮಗನ ಫೀಸು ಕಳಿಸ್ಬೇಕು, ಯಾರನ್ನ ಕೇಳೋದು?" ಎಂದು ಸದಸ್ಯರು ವಿಚಾರಿಸುವುದುಂಟು. ಆದ್ದರಿಂದ ಈ ವಿಷಯವನ್ನು ಇಲ್ಲಿ ಕ್ರಮವಾಗಿ ತಿಳಿಸಲಾಗಿದೆ.

ಕಾನೂನು ಏನು ಹೇಳುತ್ತದೆ?

ಹೊರದೇಶಕ್ಕೆ ಹಣ ಕಳುಹಿಸುವುದು ತಪ್ಪಲ್ಲ. ರಿಸರ್ವ್ ಬ್ಯಾಂಕ್ 2004ರಲ್ಲಿ ಉದಾರೀಕೃತ ಹಣ ರವಾನೆ ಯೋಜನೆಯನ್ನು ಜಾರಿಗೆ ತಂದಿತು. ಬ್ಯಾಂಕಿನವರು ಇದನ್ನು ಎಲ್.ಆರ್.ಎಸ್. ಎನ್ನುತ್ತಾರೆ. ಇದರಡಿ ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ 2,50,000 ಅಮೆರಿಕನ್ ಡಾಲರ್ ವರೆಗೆ ವಿದ್ಯಾಭ್ಯಾಸ, ಚಿಕಿತ್ಸೆ, ಬಂಧುಗಳ ಜೀವನ ನಿರ್ವಹಣೆ ಮೊದಲಾದ ಉದ್ದೇಶಗಳಿಗೆ ಕಳುಹಿಸಬಹುದು. ನಮ್ಮಂಥವರ ಅಗತ್ಯಕ್ಕೆ ಈ ಮಿತಿ ಧಾರಾಳವಾಯಿತು. ಪ್ಯಾನ್ ಕಾರ್ಡ್ ಮಾತ್ರ ಕಡ್ಡಾಯ.

ಹಣ ಕಳುಹಿಸುವ ಮಾರ್ಗಗಳು

1. ಬ್ಯಾಂಕ್ ಮೂಲಕ ತಂತಿ ವರ್ಗಾವಣೆ: ಫೀಸಿನಂಥ ದೊಡ್ಡ ಮೊತ್ತಕ್ಕೆ ಇದೇ ಮುಖ್ಯ ಮಾರ್ಗ. ಬ್ಯಾಂಕಿನಲ್ಲಿ ಎ-2 ಎಂಬ ಅರ್ಜಿ ತುಂಬಿಕೊಟ್ಟರೆ ಸ್ವಿಫ್ಟ್ ಎಂಬ ಅಂತರರಾಷ್ಟ್ರೀಯ ಸಂದೇಶ ಜಾಲದ ಮೂಲಕ ಹಣ ಅಲ್ಲಿನ ಖಾತೆಗೆ ಜಮಾ ಆಗುತ್ತದೆ. ಸಾಮಾನ್ಯವಾಗಿ ಎರಡರಿಂದ ಐದು ಕೆಲಸದ ದಿನಗಳು ಬೇಕು. ಬಟವಾಡೆ ಬರುವ ಖಾತೆ ಡಿ.ಸಿ.ಸಿ. ಬ್ಯಾಂಕಿನಲ್ಲೋ ಗ್ರಾಮೀಣ ಬ್ಯಾಂಕಿನಲ್ಲೋ ಇದ್ದರೆ ಅಲ್ಲಿಂದ ನೇರವಾಗಿ ಕಳುಹಿಸುವ ಸೌಲಭ್ಯ ಸಾಮಾನ್ಯವಾಗಿ ಇರುವುದಿಲ್ಲ. ವಿದೇಶಿ ವಿನಿಮಯದ ಅಧಿಕಾರವಿರುವ ಬ್ಯಾಂಕಿನಲ್ಲಿ ಮೊದಲೇ ಒಂದು ಖಾತೆ ತೆರೆದಿಟ್ಟುಕೊಳ್ಳಬೇಕು.

2. ಫಾರೆಕ್ಸ್ ಕಾರ್ಡ್: ಹೊರಡುವ ಮೊದಲು ಆ ದೇಶದ ಹಣವನ್ನು ತುಂಬಿಸಿಕೊಂಡು ಹೋಗುವ ಕಾರ್ಡ್ ಇದು. ತುಂಬಿಸಿದ ದಿನದ ದರವೇ ಕಾಯಂ ಆಗುತ್ತದೆ. ಮೊದಲ ಒಂದೆರಡು ತಿಂಗಳ ಬಾಡಿಗೆ, ಊಟದ ಖರ್ಚಿಗೆ ಅನುಕೂಲ. ನೋಟುಗಳ ರೂಪದಲ್ಲಿಯಾದರೆ ಹೆಚ್ಚಿನ ದೇಶಗಳಿಗೆ ಒಂದು ಪ್ರಯಾಣಕ್ಕೆ 3,000 ಡಾಲರ್ ಮೌಲ್ಯದಷ್ಟು ಮಾತ್ರ ಒಯ್ಯಬಹುದು.

3. ವಿದೇಶಿ ಹಣದ ಡ್ರಾಫ್ಟ್: ಇದು ಹಳೆಯ ಪದ್ಧತಿ. ಅಂಚೆಯಲ್ಲಿ ಹೋಗಿ, ಅಲ್ಲಿನ ಬ್ಯಾಂಕಿನಲ್ಲಿ ನಗದಾಗಲು ವಾರಗಳೇ ಹಿಡಿಯಬಹುದು. ವಿಶ್ವವಿದ್ಯಾಲಯವೇ ಕೇಳಿದರೆ ಹೊರತು ಬೇಡ.

4. ಮೊಬೈಲ್ ಮೂಲಕ: 2023ರ ಫೆಬ್ರವರಿಯಲ್ಲಿ ನಮ್ಮ ಯು.ಪಿ.ಐ. ಮತ್ತು ಸಿಂಗಪುರದ ಪೇ-ನೌ ವ್ಯವಸ್ಥೆಗಳನ್ನು ಜೋಡಿಸಲಾಯಿತು. ಕೆಲವು ಬ್ಯಾಂಕುಗಳ ಗ್ರಾಹಕರು ಸಿಂಗಪುರದಲ್ಲಿರುವವರಿಗೆ ಸಣ್ಣ ಮೊತ್ತಗಳನ್ನು ಹೀಗೆ ಕಳುಹಿಸಬಹುದು. ಎಲ್ಲ ದೇಶಗಳಿಗೂ ಹೀಗೆಯೇ ಹೋಗುತ್ತದೆಂದು ಭಾವಿಸಬಾರದು.

ಅಂಚೆ ಕಚೇರಿ ಅಥವಾ ಪೇಟೆಯ ಅಂಗಡಿಗಳಲ್ಲಿ ಕಾಣುವ ಹಣ ವರ್ಗಾವಣೆಯ ಫಲಕಗಳ ಬಗ್ಗೆ ಒಂದು ಮಾತು. ಎಂ.ಟಿ.ಎಸ್.ಎಸ್. ಎಂಬ ಯೋಜನೆಯಡಿ ನಡೆಯುವ ಈ ಸೇವೆ ಹೊರದೇಶದಿಂದ ಇಲ್ಲಿಗೆ ಬರುವ ಹಣಕ್ಕೆ ಮಾತ್ರ. ದುಬೈನಿಂದ ಅಳಿಯ ಕಳಿಸಿದ್ದನ್ನು ಅಲ್ಲಿ ಪಡೆಯಬಹುದೇ ಹೊರತು, ಅದೇ ಯೋಜನೆಯಲ್ಲಿ ಅಳಿಯನಿಗೆ ಕಳುಹಿಸಲು ಬಾರದು.

ಖರ್ಚಿನ ಲೆಕ್ಕ ಮಾಡುವ ರೀತಿ

ಇಲ್ಲಿಯೇ ಹೆಚ್ಚಿನವರು ನಷ್ಟಕ್ಕೆ ಒಳಗಾಗುತ್ತಾರೆ. ಬ್ಯಾಂಕ್ ಹೇಳುವ ಸೇವಾ ಶುಲ್ಕವನ್ನಷ್ಟೇ ಕೇಳಿ ಬರುತ್ತಾರೆ. ವಿನಿಮಯ ದರವನ್ನು ಕೇಳುವುದಿಲ್ಲ. ಬರೀ ಲೀಟರ್ ನೋಡಿ ಫ್ಯಾಟ್ ನೋಡದೆ ಹಾಲಿಗೆ ಬೆಲೆ ಕಟ್ಟಿದಂತೆ ಇದು.

ಉದಾಹರಣೆಗೆ ಮಗಳಿಗೆ 2,000 ಯೂರೋ ಸೇರಬೇಕೆಂದು ಇಟ್ಟುಕೊಳ್ಳೋಣ. ಒಂದು ಬ್ಯಾಂಕ್ ಯೂರೋಗೆ 103 ರೂ. ದರ, 500 ರೂ. ಶುಲ್ಕ ಹೇಳುತ್ತದೆ. ಇನ್ನೊಂದು 101 ರೂ. ದರ, 1,500 ರೂ. ಶುಲ್ಕ ಹೇಳುತ್ತದೆ. ಶುಲ್ಕ ನೋಡಿದರೆ ಮೊದಲನೆಯದೇ ಅಗ್ಗ. ಆದರೆ ಒಟ್ಟು ಮೊತ್ತ ಕೂಡಿಸಿದಾಗ ಮೊದಲನೆಯದು 2,06,500 ರೂ., ಎರಡನೆಯದು 2,03,500 ರೂ. ಆಗುತ್ತದೆ. ಅಗ್ಗವೆಂದು ಕಂಡ ಕಡೆ 3,000 ರೂ. ಹೆಚ್ಚು ಹೋಗುತ್ತದೆ. ಈ ದರಗಳು ಲೆಕ್ಕ ತೋರಿಸಲು ಮಾತ್ರ. ನಿಜವಾದ ದರವನ್ನು ಆಯಾ ದಿನ ಕೇಳಿ ತಿಳಿಯಬೇಕು. ಇದರ ಮೇಲೆ ಸ್ವಲ್ಪ ಜಿ.ಎಸ್.ಟಿ. ಕೂಡ ಇರುತ್ತದೆ.

ಮತ್ತೊಂದು ವಿಷಯ: ಹಣ ದಾರಿಯಲ್ಲಿ ಬೇರೆ ಬ್ಯಾಂಕುಗಳನ್ನು ಹಾದುಹೋಗುವಾಗ ಅವು ತಮ್ಮ ಶುಲ್ಕ ಮುರಿದುಕೊಳ್ಳಬಹುದು. ಫೀಸಿನಲ್ಲಿ ಹತ್ತು ಡಾಲರ್ ಕಡಿಮೆ ಬಿದ್ದರೂ ವಿಶ್ವವಿದ್ಯಾಲಯದ ಲೆಕ್ಕದಲ್ಲಿ ಬಾಕಿ ಎಂದೇ ಉಳಿಯುತ್ತದೆ. ಆದ್ದರಿಂದ ಫೀಸು ಕಟ್ಟುವಾಗ ಎಲ್ಲ ಶುಲ್ಕವೂ ಕಳುಹಿಸುವವರದೇ ಎಂದು ಅರ್ಜಿಯಲ್ಲಿ ಗುರುತು ಮಾಡಿಸಬೇಕು. "ಎಲ್ಲ ಸೇರಿ ನನ್ನ ಖಾತೆಯಿಂದ ಎಷ್ಟು ಹೋಗುತ್ತದೆ, ಅಲ್ಲಿ ಎಷ್ಟು ಸೇರುತ್ತದೆ?" ಎಂಬ ಈ ಒಂದು ಪ್ರಶ್ನೆಯನ್ನು ಎರಡು ಬ್ಯಾಂಕುಗಳಲ್ಲಿ ಕೇಳಿ ಹೋಲಿಸಿದರೆ ಸಾಕು.

ಟಿ.ಸಿ.ಎಸ್. ತೆರಿಗೆ

2025ರ ಏಪ್ರಿಲ್‌ನಿಂದ, ಒಬ್ಬರ ಪ್ಯಾನ್ ಮೇಲೆ ವರ್ಷಕ್ಕೆ 10 ಲಕ್ಷ ರೂ. ವರೆಗೆ ಕಳುಹಿಸಿದರೆ ಈ ತೆರಿಗೆ ಇಲ್ಲ. ಅದನ್ನು ಮೀರಿದ ಭಾಗಕ್ಕೆ ಮಾತ್ರ ಬ್ಯಾಂಕ್ ಮುಂಗಡವಾಗಿ ತೆರಿಗೆ ವಸೂಲು ಮಾಡುತ್ತದೆ. ಉಡುಗೊರೆ, ಜೀವನ ನಿರ್ವಹಣೆ ಇತ್ಯಾದಿಗಳಿಗೆ ಶೇ. 20, ಶಿಕ್ಷಣ ಮತ್ತು ಚಿಕಿತ್ಸೆಗೆ ಇದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಉದ್ದೇಶವನ್ನು ಸರಿಯಾಗಿ ನಮೂದಿಸಿ, ಪ್ರವೇಶ ಪತ್ರ ತೋರಿಸಬೇಕು. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಟ್ಟುವ ಹಣಕ್ಕೆ ಟಿ.ಸಿ.ಎಸ್. ಇಲ್ಲ.

ಜರ್ಮನಿಗೆ ಹೋಗುವವರು ಇದನ್ನು ಮುಖ್ಯವಾಗಿ ಗಮನಿಸಬೇಕು. ಅಲ್ಲಿನ ವೀಸಾಕ್ಕೆ ಒಂದು ವರ್ಷದ ಜೀವನ ವೆಚ್ಚವನ್ನು ಸಾಮಾನ್ಯವಾಗಿ ನಿರ್ಬಂಧಿತ ಖಾತೆಯೊಂದರಲ್ಲಿ ಇಟ್ಟು ತೋರಿಸುತ್ತಾರೆ. 2024ರ ಸೆಪ್ಟೆಂಬರ್‌ನಲ್ಲಿ ಈ ಮೊತ್ತವನ್ನು 11,904 ಯೂರೋಗೆ ಏರಿಸಲಾಯಿತು. ಯೂರೋಗೆ 100 ರೂ. ಹಿಡಿದರೂ ಇದು 10 ಲಕ್ಷ ದಾಟುತ್ತದೆ.

ಈ ತೆರಿಗೆ ಕಳೆದುಹೋದ ಹಣವಲ್ಲ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದರೆ ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ತೆರಿಗೆ ಇಲ್ಲದಿದ್ದರೆ ವಾಪಸು ಬರುತ್ತದೆ. ರಿಟರ್ನ್ ಸಲ್ಲಿಸದವರಿಗೆ ಬರುವುದಿಲ್ಲ.

ಬ್ಯಾಂಕಿಗೆ ಹೋಗುವಾಗ ಜೊತೆಗಿರಬೇಕಾದವು

* ಪ್ಯಾನ್, ಆಧಾರ್, ಪಾಸ್ ಪುಸ್ತಕ. ಹೆಸರು ಎಲ್ಲದರಲ್ಲೂ ಒಂದೇ ರೀತಿ ಇರಲಿ.
* ವಿದ್ಯಾರ್ಥಿಯ ಪಾಸ್‌ಪೋರ್ಟ್ ಪ್ರತಿ, ಪ್ರವೇಶ ಪತ್ರ, ಫೀಸಿನ ಪತ್ರ ಮತ್ತು ವಿದ್ಯಾರ್ಥಿ ಸಂಖ್ಯೆ.
* ಹಣ ಸೇರಬೇಕಾದವರ ಹೆಸರು, ವಿಳಾಸ, ಬ್ಯಾಂಕಿನ ಹೆಸರು, 8 ಅಥವಾ 11 ಅಕ್ಷರಗಳ ಸ್ವಿಫ್ಟ್ ಸಂಕೇತ.
* ಯುರೋಪಿನ ದೇಶಗಳಿಗೆ ಐಬ್ಯಾನ್ ಸಂಖ್ಯೆ (ಜರ್ಮನಿಯದು 22 ಅಕ್ಷರ), ಅಮೆರಿಕಕ್ಕೆ 9 ಅಂಕಿಗಳ ರೂಟಿಂಗ್ ಸಂಖ್ಯೆ, ಆಸ್ಟ್ರೇಲಿಯಾಕ್ಕೆ 6 ಅಂಕಿಗಳ ಬಿ.ಎಸ್.ಬಿ. ಸಂಖ್ಯೆ.

ಈ ಸಂಖ್ಯೆಗಳನ್ನು ಫೋನಿನಲ್ಲಿ ಕೇಳಿ ಬರೆದುಕೊಳ್ಳಬಾರದು. ಬರಹದಲ್ಲಿಯೇ ತರಿಸಿ, ಇಬ್ಬರು ಓದಿ ತಾಳೆ ನೋಡಬೇಕು. ತಪ್ಪಾದ ಖಾತೆಗೆ ಹೋದ ಹಣವನ್ನು ಮರಳಿ ಪಡೆಯುವುದು ಬಹಳ ಕಷ್ಟ. ಕಳುಹಿಸಿದ ಮೇಲೆ ಸ್ವಿಫ್ಟ್ ಸಂದೇಶದ ಪ್ರತಿ ಕೇಳಿ ಪಡೆಯಿರಿ. ಹಣ ತಡವಾದರೆ ಅದನ್ನು ಹಿಡಿದೇ ಹುಡುಕಿಸಬೇಕಾಗುತ್ತದೆ.

ಮಾಡಬಾರದ ಕೆಲಸಗಳು

"ಇಲ್ಲಿ ನಗದು ಕೊಡಿ, ನಾಳೆಯೇ ಅಲ್ಲಿ ಕೊಡಿಸುತ್ತೇವೆ, ಕಾಗದಪತ್ರ ಬೇಡ" ಎನ್ನುವವರಿರುತ್ತಾರೆ. ಇದೇ ಹವಾಲಾ. ಇದು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ಉಲ್ಲಂಘನೆ. ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು. ಹಣ ಮುಟ್ಟದಿದ್ದರೆ ದೂರು ಕೊಡಲು ನಿಮ್ಮ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ಹಾಗೆಯೇ ಫೀಸಿನ ಹಣವನ್ನು ಏಜೆಂಟರ ಕೈಗೆ ನಗದಾಗಿ ಕೊಡದೆ, ನಿಮ್ಮ ಖಾತೆಯಿಂದ ನೇರವಾಗಿ ವಿಶ್ವವಿದ್ಯಾಲಯದ ಖಾತೆಗೇ ಕಳುಹಿಸಿ.

"ನಿಮ್ಮ ಮಗ ಪೊಲೀಸರ ವಶದಲ್ಲಿದ್ದಾನೆ, ಕೂಡಲೇ ಹಣ ಹಾಕಿ" ಎಂಬ ಕರೆ ಬಂದರೆ ಗಾಬರಿಯಾಗಬೇಡಿ. ಮೊದಲು ಮಗನ ಗೊತ್ತಿರುವ ಸಂಖ್ಯೆಗೆ, ಸಿಗದಿದ್ದರೆ ಅವನ ಸ್ನೇಹಿತರಿಗೆ ಫೋನ್ ಮಾಡಿ. ಮೋಸ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ತಿಳಿಸಿ.

ಮುಂಚಿತ ಸಿದ್ಧತೆ

ಫೀಸಿನ ಕೊನೆಯ ದಿನಾಂಕ ಹತ್ತಿರವಾದಾಗ ಕರೆಯುವ ಹಸುವನ್ನು ಸಿಕ್ಕಿದ ಬೆಲೆಗೆ ಮಾರುವ ಪರಿಸ್ಥಿತಿ ಬರಬಾರದು. ಪ್ರವೇಶ ಪತ್ರ ಕೈಸೇರಿದ ವಾರವೇ ಬ್ಯಾಂಕಿಗೆ ಹೋಗಿ ಖಾತೆ, ಪ್ಯಾನ್, ಶಿಕ್ಷಣ ಸಾಲದ ವಿಷಯ ವಿಚಾರಿಸಿ. ಕೊನೆಯ ದಿನಕ್ಕೆ ಕನಿಷ್ಠ ಹದಿನೈದು ದಿನ ಮುಂಚೆ ಹಣ ಹೊರಡಲಿ. ಇಂಗ್ಲಿಷ್ ಅರ್ಜಿ ಓದಲು ಕಷ್ಟವಾದರೆ ಮನೆಯ ಓದಿದ ಮಕ್ಕಳನ್ನೋ ನಂಬಿಕಸ್ಥರನ್ನೋ ಜೊತೆಗೆ ಕರೆದುಕೊಂಡು ಹೋಗಿ. ಓದಿಸಿ ಕೇಳದೆ ಸಹಿ ಹಾಕಬೇಡಿ. ದಿನಕ್ಕೆರಡು ಬಾರಿ ಹಾಲು ಕರೆದು ಕೂಡಿಸಿದ ಹಣ ಒಂದು ಅಂಕಿಯ ತಪ್ಪಿನಿಂದ ದಾರಿ ತಪ್ಪದಿರಲಿ.